ಬಿದಿರಿನ ಲೋಟ, ಬೆಂಕಿಯ ಚಿತ್ರ

ಬಿದಿರಿನಲ್ಲಿ ಲೋಟ ಮೊದಲೇ ಇರುತ್ತದೆ. ಗೆಣ್ಣಿನ ಕೆಳಗೊಂದು, ಮೇಲೊಂದು ಕಡೆ ಕೊಯ್ದರೆ ಸಾಕು. ಗೆಣ್ಣಿನೊಳಗಿನ ಗಟ್ಟಿ ಪರದೆಯೇ ತಳ. ಅಂಟು ಬೇಡ, ಮೊಳೆ ಬೇಡ. ನಾಗಾಲ್ಯಾಂಡಿನ ಅಂಗಾಮಿ, ಕೊನ್ಯಾಕ್ ಮುಂತಾದ ನಾಗಾ ಜನರು ಅಕ್ಕಿಯ ಬಿಯರನ್ನು ಇಂಥ ಲೋಟಗಳಲ್ಲೇ ಕುಡಿಯುತ್ತ ಬಂದಿದ್ದಾರೆ.

ನನಗೆ ಜಾಸ್ತಿ ಇಷ್ಟವಾಗುವುದು ಅವುಗಳ ಮೈಮೇಲಿನ ಚಿತ್ರಗಳು. ನಮ್ಮ ಕಾಟಿಯ ಹತ್ತಿರದ ನೆಂಟನಾದ ಮಿಥುನ್, ಮನುಷ್ಯರು, ಹಕ್ಕಿಗಳು, ಸಾಲು ಸಾಲು ಗೀರುಗಳು. ಇವನ್ನು ಕಾದ ಕಬ್ಬಿಣದಿಂದ ಸುಟ್ಟು ಅಥವಾ ಚಾಕುವಿನಿಂದ ಗೀರಿ ಮೂಡಿಸುತ್ತಾರೆ. ಸುಮ್ನೆ ಬಣ್ಣ ಹಚ್ಚಬಹುದಿತ್ತು ಅಲ್ವಾ?

ಬಿದಿರಿನ ಸಿಪ್ಪೆ ಅದಕ್ಕೆ ಒಪ್ಪುವುದಿಲ್ಲ. ಬಿದಿರು ಮರವಲ್ಲ, ಹುಲ್ಲು. ಭತ್ತ, ಕಬ್ಬುಗಳ ಬಳಗ. ಭತ್ತದ ಹೊಟ್ಟಿನಲ್ಲಿರುವ ಹಾಗೆಯೇ ಬಿದಿರಿನ ಸಿಪ್ಪೆಯಲ್ಲೂ ಸಿಲಿಕಾ, ಅಂದರೆ ಮರಳಿನಲ್ಲಿರುವ ಗಟ್ಟಿ ವಸ್ತು, ತುಂಬಿದೆ. ಮೇಲೆ ತೆಳುವಾದ ಮೇಣದ ಪದರ ಬೇರೆ. ಬಣ್ಣ ಒಳಗೆ ಇಳಿಯದೆ ಮೇಲೇ ನಿಲ್ಲುತ್ತದೆ, ಬೇಗ ಕಿತ್ತು ಬರುತ್ತದೆ. ಬೆಂಕಿಗೆ ಆ ತೊಂದರೆಯಿಲ್ಲ. ಶಾಖ 200 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ನಾರನ್ನು ಬೆಸೆದಿರುವ ಹೆಮಿಸೆಲ್ಯುಲೋಸ್ ಮೊದಲು ಒಡೆಯುತ್ತದೆ. ಶಾಖ ಇನ್ನೂ ಏರಿದರೆ ನಾರಿನ ಮುಖ್ಯ ವಸ್ತುವಾದ ಸೆಲ್ಯುಲೋಸ್ ಸರದಿ. ಕೊನೆಗೆ ಉಳಿಯುವುದು ಇದ್ದಿಲು. ಅದು ನೀರಿಗೆ ಕರಗದು, ಬಿಸಿಲಿಗೆ ಮಾಸದು. ಬೂಷ್ಟಿಗೂ ಅದರಲ್ಲಿ ತಿನ್ನಲು ಹೆಚ್ಚೇನೂ ಸಿಗದು. ಚಿತ್ರ ಲೋಟದ ಮೇಲೆ ಕೂರುವುದಿಲ್ಲ, ಲೋಟದ ಮೈಯೇ ಚಿತ್ರವಾಗುತ್ತದೆ.

ಬಿದಿರಿಗೆ ಶತ್ರುಗಳೂ ಇವೆ. ಒಳಗಿನ ಪಿಷ್ಟದ ಆಸೆಗೆ ಕುಟ್ಟೆ ಹುಳು ಬರುತ್ತದೆ. ಅದಕ್ಕೇ ಪಿಷ್ಟ ಕಡಿಮೆಯಿರುವ ಚಳಿಗಾಲದಲ್ಲಿ ಬಿದಿರು ಕಡಿಯುವುದು ಒಳ್ಳೆಯದು. ಇನ್ನೊಂದು ಶತ್ರು ಸೀಳು. ಗೆಣ್ಣುಗಳ ನಡುವೆ ನಾರೆಲ್ಲ ಉದ್ದಕ್ಕೇ ಓಡುತ್ತದೆ. ಮರದಲ್ಲಿರುವಂತೆ ನಡುವಿನಿಂದ ಹೊರಕ್ಕೆ ಹಾಯುವ ಕೋಶಗಳ ಸಾಲು ಇಲ್ಲಿಲ್ಲ. ಅವಸರದಲ್ಲಿ ಒಣಗಿಸಿದರೆ ಲೋಟ ಮೇಲಿನಿಂದ ಕೆಳಗೆ ಬಿರಿಯುತ್ತದೆ. ನಿಧಾನವಾಗಿ, ನೆರಳಲ್ಲಿ ಒಣಗಿಸಬೇಕು.

ಇನ್ನು ಲೋಟದೊಳಗಿನ ಪಾನೀಯ. ಅಂಗಾಮಿಗಳು ಅದನ್ನು ಜುಥೊ ಎನ್ನುತ್ತಾರೆ. ಈಶಾನ್ಯದ ಬೇರೆ ಕಡೆ ಅಕ್ಕಿ ಬಿಯರಿಗೆ ಸಾಮಾನ್ಯವಾಗಿ ಶಿಲೀಂಧ್ರವಿರುವ ಹೆಪ್ಪಿನ ಬಿಲ್ಲೆ ಹಾಕುತ್ತಾರೆ. ಜುಥೊಗೆ ಮೊಳಕೆ ಬರಿಸಿದ ಭತ್ತದ ಪುಡಿ. ಮೊಳೆಯುವ ಕಾಳು ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸುತ್ತದೆ. ಅದು ಅಕ್ಕಿಯ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತದೆ, ಯೀಸ್ಟ್ ಆ ಸಕ್ಕರೆಯನ್ನು ಮದ್ಯ ಮಾಡುತ್ತದೆ. ಮೊಳಕೆ ಕಟ್ಟಿದ ರಾಗಿಯ ಹಿಟ್ಟಿನ ಗಂಜಿ ತೆಳ್ಳಗಾಗುವುದಕ್ಕೂ ಇದೇ ಕಿಣ್ವ ಕಾರಣ. ಆ ಬೆಟ್ಟಗಳಲ್ಲಿ ಇದನ್ನು ಯಾರೋ ನಾಲಿಗೆಯಿಂದಲೇ ಕಂಡುಕೊಂಡರು ಎಂಬುದು ನನಗೆ ದೊಡ್ಡ ವಿಷಯ.

ನಾಗಾಲ್ಯಾಂಡಿನಲ್ಲಿ 1989ರ ಪಾನನಿಷೇಧ ಕಾಯ್ದೆ ಇದೆ. ಆದರೂ ಪ್ರತಿ ವರ್ಷ ಡಿಸೆಂಬರ್ ಮೊದಲ ಹತ್ತು ದಿನ ಕೊಹಿಮಾ ಹತ್ತಿರದ ಕಿಸಾಮದಲ್ಲಿ ನಡೆಯುವ ಹಾರ್ನ್‌ಬಿಲ್ ಹಬ್ಬಕ್ಕೆ ಹೋದವರ ಕೈಗೆ ಬಿಳಿ ನೊರೆಯ ಅಕ್ಕಿ ಬಿಯರ್ ಇಂದಿಗೂ ಬಿದಿರಿನ ಲೋಟದಲ್ಲಿ ಸಿಗುತ್ತದೆ. ಬಿದಿರಿನ ದಪ್ಪ ಗೋಡೆ ಶಾಖವನ್ನು ಬೇಗ ಸಾಗಿಸುವುದಿಲ್ಲ. ಹಾಗಾಗಿ ಎಷ್ಟು ಹೊತ್ತು ಹಿಡಿದು ಮಾತಾಡುತ್ತ ಕೂತರೂ ಕೈಯ ಬಿಸಿ ಒಳಗಿನ ತಂಪಿಗೆ ಅಷ್ಟು ಸುಲಭಕ್ಕೆ ತಾಗುವುದಿಲ್ಲ.