ನೀಲಿ ಬೆಳಕಿಗೆ ಆಯುಷ್ಯ ಕಡಿಮೆ ಯಾಕೆ?

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಒಂದು ಮೊಬೈಲ್ ರಿಪೇರಿ ಅಂಗಡಿ. ಐದು ವರ್ಷ ಬಳಸಿದ ನನ್ನ ಒಎಲ್ಇಡಿ (ಇಂಗಾಲದ ಅಣುಗಳೇ ಬೆಳಗುವ ಪರದೆಯ) ಫೋನಿನ ಪಕ್ಕ ಹುಡುಗ ಒಂದು ಹೊಸ ಫೋನ್ ಇಟ್ಟ. ಎರಡರಲ್ಲೂ ಖಾಲಿ ಬಿಳಿ ಪರದೆ. ಹೊಸದು ಹಾಲಿನ ಹಾಗೆ ಬಿಳಿ, ನನ್ನದು ನಸುಹಳದಿ. “ಹಳದಿ ಬಂದಿಲ್ರಿ ಸರ್, ನೀಲಿ ಹೋಗೇತಿ” ಅಂದ. ಸರಿಯಾಗೇ ಹೇಳಿದ: ಬಿಳಿಯಲ್ಲಿ ನೀಲಿ ಕುಂದಿದರೆ ಉಳಿಯುವುದು ಹಳದಿ.

ದುಡ್ಡು ಕೊಡುವಾಗ ನನ್ನ ಬಿಳಿ ಅಂಗಿಯ ತೋಳು ಖೋಟಾ ನೋಟು ಹಿಡಿಯುವ ದೀಪದ ಕೆಳಗೆ ಬಂತು. ಬಟ್ಟೆ ನೀಲಿಯಾಗಿ ಹೊಳೆಯಿತು. ಸೋಪಿನ ಪುಡಿಯಲ್ಲಿ ಸ್ಟಿಲ್ಬೀನ್ ಜಾತಿಯ ಅಣುಗಳಿರುತ್ತವೆ. ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು ನುಂಗಿ ನೀಲಿ ಬೆಳಕು ಬಿಡುವುದು ಅವುಗಳ ಗುಣ. ಅಂದರೆ ನೀಲಿ ಬೆಳಗುವ ಅಣು ನಮ್ಮ ಬಚ್ಚಲುಮನೆಯ ಬಕೆಟ್‌ನಲ್ಲೇ ಇದೆ! ಆದರೆ ಬಿಸಿಲಿಗೆ ಅದೂ ಹಾಳಾಗುತ್ತದೆ. ನೀಲಿಯನ್ನು ಹುಟ್ಟಿಸುವುದಲ್ಲ, ಬಾಳಿಸುವುದೇ ಕಷ್ಟ.

1987ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ತೆಳು ಪದರಗಳ ಒಎಲ್ಇಡಿ ಮಾಡಿ ತೋರಿಸಿದರು. ಅದು ಹಸಿರು ಬೆಳಕು. ಇಲ್ಲಿ ಅಣುವನ್ನು ಕೆರಳಿಸುವುದು ಕರೆಂಟು. ಕೆರಳಿದ ಅಣು ಶಾಂತವಾಗುವಾಗ ಬೆಳಕು ಬಿಡುತ್ತದೆ. ಕೆಂಪಿಗೆ ಸುಮಾರು 2 ಎಲೆಕ್ಟ್ರಾನ್ ವೋಲ್ಟ್ (ಅಣುಗಳ ಮಟ್ಟದ ಶಕ್ತಿಯ ಅಳತೆ) ಶಕ್ತಿ ಸಾಕು, ನೀಲಿಗೆ 2.7 ಬೇಕು. ಇಂಥ ಅಣುಗಳಲ್ಲಿ ಇಂಗಾಲ ಮತ್ತು ಸಾರಜನಕವನ್ನು ಹಿಡಿದಿಡುವ ಬಂಧ ಮುರಿಯಲು ಸುಮಾರು 3 ಸಾಕು. ಎಷ್ಟು ಹತ್ತಿರ ನೋಡಿ! ಕೆರಳಿದ ಎರಡು ಅಣು ಒಂದಕ್ಕೊಂದು ತಾಗಿದರೆ ಎರಡರ ಶಕ್ತಿಯೂ ಒಂದರ ಮೇಲೇ ಬೀಳಬಹುದು. ಆಗ ಬಂಧ ಉಳಿಯುವುದು ಅನುಮಾನ.

ಇನ್ನೊಂದು ತೊಡಕಿದೆ. ಕರೆಂಟಿನಿಂದ ಕೆರಳಿದ ನಾಲ್ಕು ಅಣುಗಳಲ್ಲಿ ಒಂದು ಮಾತ್ರ ಥಟ್ಟನೆ, ಕೆಲವು ನ್ಯಾನೋಸೆಕೆಂಡಿನಲ್ಲಿ, ಬೆಳಗುತ್ತದೆ. ಉಳಿದ ಮೂರು ‘ಟ್ರಿಪ್ಲೆಟ್’ ಸ್ಥಿತಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಕೆಂಪು, ಹಸಿರಿನಲ್ಲಿ ಇರಿಡಿಯಂ ಲೋಹ ಸೇರಿಸಿ ಅವನ್ನೂ ಬೆಳಗಿಸುತ್ತಾರೆ. ನೀಲಿಯಲ್ಲಿ ಅದೇ ಉಪಾಯ ಮಾಡಿದರೆ ಅಣು ಬೇಗ ಸಾಯುತ್ತದೆ. ಇರಿಡಿಯಂ ಇದ್ದರೂ ಟ್ರಿಪ್ಲೆಟ್ ಮೈಕ್ರೋಸೆಕೆಂಡುಗಟ್ಟಲೆ ಕೆರಳಿಯೇ ಇರುತ್ತದೆ. ಜಾಸ್ತಿ ಹೊತ್ತು ಇದ್ದಷ್ಟೂ ಡಿಕ್ಕಿ ಜಾಸ್ತಿ, ಅಲ್ವಾ?

2012ರಲ್ಲಿ ಜಪಾನಿನ ಚಿಹಾಯಾ ಅಡಾಚಿ ತಂಡ ಲೋಹದ ಹಂಗಿಲ್ಲದ ದಾರಿ ತೋರಿಸಿತು. ಟ್ರಿಪ್ಲೆಟ್ ಮತ್ತು ಥಟ್ಟನೆ ಬೆಳಗುವ ಸ್ಥಿತಿ, ಈ ಎರಡರ ನಡುವಿನ ಶಕ್ತಿಯ ಮೆಟ್ಟಿಲನ್ನು ತೀರಾ ಗಿಡ್ಡ ಮಾಡಿದರೆ ಕೋಣೆಯ ಬಿಸುಪಿನಿಂದಲೇ ಟ್ರಿಪ್ಲೆಟ್ ಅದನ್ನು ಹತ್ತಿ ಬಂದು ಬೆಳಗುತ್ತದೆ. 2016ರಲ್ಲಿ ತಕುಜಿ ಹತಕೆಯಾಮ ತಂಡ ಬೋರಾನ್ ಮತ್ತು ಸಾರಜನಕವನ್ನು ಒಂದೇ ಗಟ್ಟಿ ಉಂಗುರಗಳ ಚೌಕಟ್ಟಿನಲ್ಲಿ ಕೂರಿಸಿತು. ಬೋರಾನ್ ಎಲೆಕ್ಟ್ರಾನ್‌ಗಳನ್ನು ಎಳೆಯುತ್ತದೆ, ಸಾರಜನಕ ಕೊಡುತ್ತದೆ. ಅಣು ಅಲುಗಾಡುವುದಿಲ್ಲ, ಹಾಗಾಗಿ ಬಣ್ಣ ಹರಡುವುದಿಲ್ಲ. ಬೆಳಕಿನ ತರಂಗಾಂತರದ ಹರವು ಸುಮಾರು 28 ನ್ಯಾನೋಮೀಟರ್ ಮಾತ್ರ, ಅಚ್ಚ ನೀಲಿ. ನನಗಂತೂ ಈ ಕ್ಷೇತ್ರದಲ್ಲಿ ಇದಕ್ಕಿಂತ ಚೆಂದದ ವಿನ್ಯಾಸ ಕಂಡಿಲ್ಲ. ಆದರೆ ಅದರಲ್ಲಿ ಟ್ರಿಪ್ಲೆಟ್ ಮೆಟ್ಟಿಲು ಹತ್ತುವುದು ನಿಧಾನ. ಆಯುಷ್ಯದ ಕೆಲಸ ಇನ್ನೂ ನಡೆದಿದೆ.

ಅಲ್ಲಿಯವರೆಗೆ ಫೋನ್ ಮಾಡುವವರು ಏನು ಮಾಡುತ್ತಾರೆ? ಹುಡುಗ ನನ್ನ ಪರದೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಲು ಹೇಳಿದ. ಸಾಲು ಸಾಲು ಕೆಂಪು, ಹಸಿರು, ನೀಲಿ ಚುಕ್ಕೆಗಳು. ನೀಲಿ ಚುಕ್ಕೆಗಳೇ ಎಲ್ಲಕ್ಕಿಂತ ದೊಡ್ಡವು. ಅಗಲ ಜಾಸ್ತಿಯಾದರೆ ಒಂದೊಂದು ಅಣುವಿನ ಮೇಲೂ ಹೊರೆ ಕಡಿಮೆ.