ಸಣ್ಣ ಅಂಗಡಿಗೆ ವೆಬ್‌ಸೈಟ್: ದರ ಹೇಳುವ ಮುಂಚಿನ ಲೆಕ್ಕ

ಸಣ್ಣ ವ್ಯಾಪಾರಸ್ಥರಿಗೆ ವೆಬ್‌ಸೈಟ್ ಮಾಡಿಕೊಡುವವರಿಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ: "ಎಲ್ಲಾ ಸೇರಿ ಎಷ್ಟಾಗತೈತ್ರಿ?" ಅಲ್ಲೇ ಒಂದು ಮೊತ್ತ ಹೇಳಿಬಿಟ್ಟರೆ ಮುಂದೆ ಉಳಿಯುವುದು ಚೌಕಾಸಿ ಮಾತ್ರ. ಆರ್ಡರ್ ಬಂದರೆ ಪ್ಯಾಕ್ ಮಾಡುವವರು ಯಾರು, ಮಾರಿದ ಮಾಲು ಮತ್ತೆ ಅದೇ ಸಿಗುತ್ತದೆಯೇ, ಜಿಎಸ್‌ಟಿ ಯಾವ ಬಗೆಯದು, ವಾಪಸ್ ಬಂದದ್ದನ್ನು ಏನು ಮಾಡುತ್ತಾರೆ? ಇವು ಗೊತ್ತಾಗದೆ ದರ ಹೇಳಬಾರದು. ಸೈಟ್ ಕಟ್ಟುವುದು ಕೆಲವು ವಾರಗಳ ಕೆಲಸ. ಅದನ್ನು ನಡೆಸುವುದು ಅಂಗಡಿಯವರ ದಿನನಿತ್ಯದ ಕೆಲಸ. ಅಷ್ಟು ಕೆಲಸ ಅವರಿಂದ ಆಗುತ್ತದೆಯೇ ಎಂದು ಮೊದಲು ಅಳೆಯಬೇಕಾದವರು ಮಾರುವ ನಾವೇ.

ಇಳಕಲ್ಲಿನ ಒಂದು ಸೀರೆ ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕೈಮಗ್ಗದ ಸೀರೆಯಲ್ಲಿ ಅದೇ ಬಣ್ಣ, ಅದೇ ದಡಿ, ಅದೇ ಸೆರಗು ಸೇರಿದ್ದು ಅಂಗಡಿಯಲ್ಲಿ ಒಂದೋ ಎರಡೋ ಪೀಸ್ ಇರುತ್ತದೆ. ಬೆಳಿಗ್ಗೆ ಸೈಟಿಗೆ ಹಾಕಿದ ಸೀರೆಯನ್ನು ಮಧ್ಯಾಹ್ನ ಅಂಗಡಿಗೆ ಬಂದ ಗಿರಾಕಿ ಒಯ್ದಿರುತ್ತಾರೆ, ಸಂಜೆ ಪುಣೆಯಿಂದ ಅದೇ ಸೀರೆಗೆ ದುಡ್ಡು ಬಂದಿರುತ್ತದೆ. ಆ ಹಣ ವಾಪಸ್ ಮಾಡಬೇಕು, ಆನ್‌ಲೈನಿನಲ್ಲಿ ಹಣ ವಸೂಲಿ ಮಾಡಿಕೊಡುವ ಪೇಮೆಂಟ್ ಗೇಟ್‌ವೇಯ ಶುಲ್ಕ ಸಾಮಾನ್ಯವಾಗಿ ಮರಳಿ ಬರುವುದಿಲ್ಲ, ಗಿರಾಕಿಯೂ ಮತ್ತೆ ಬರುವುದಿಲ್ಲ. ಇದಕ್ಕೆ ದುಬಾರಿ ಸ್ಟಾಕ್ ಸಾಫ್ಟ್‌ವೇರ್ ಮಾರಲು ಹೋಗಬೇಡಿ. 40 ಸೀರೆ ಆರಿಸಿ ಒಂದು ಕಪಾಟು ಬೇರೆ ಮಾಡಿಸಿ. ಪ್ರತಿ ಸೀರೆಗೂ ನಂಬರ್ ಬರೆದ ಚೀಟಿ ಕಟ್ಟಿಸಿ. ಫೋಟೊ ಫೈಲಿಗೂ ಸೈಟಿನಲ್ಲಿರುವ ಕೋಡಿಗೂ ಅದೇ ನಂಬರ್ ಇರಲಿ, ಸ್ಟಾಕ್ ಜಾಗದಲ್ಲಿ 1 ಎಂದು ಹಾಕಿ. ಆ ಕಪಾಟಿನಿಂದ ಅಂಗಡಿ ಗಿರಾಕಿಗೆ ಕೊಡಲೇಬೇಕಾದರೆ, ಮೊದಲು ಮೊಬೈಲಿನಲ್ಲಿ 0 ಮಾಡಿ ಆಮೇಲೆ ಸೀರೆ ಮಡಿಸಿ ಕೊಡಬೇಕು. ಈ ಒಂದು ರೂಢಿ ಕೂರದ ಅಂಗಡಿಯಲ್ಲಿ ಎಂಥ ಸೈಟ್ ಕಟ್ಟಿದರೂ ತಕರಾರು ತಪ್ಪದು.

ಫೋಟೊ ವಿಷಯದಲ್ಲಿ ರಾಜಿ ಬೇಡ. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಬಣ್ಣ ಬೇರೆಯೇ ಕಾಣುತ್ತದೆ, ಅದರಿಂದಲೇ ಸೀರೆ ವಾಪಸ್ ಬರುತ್ತದೆ. ನೆರಳಿನಲ್ಲಿ, ಹಗಲು ಬೆಳಕಿನಲ್ಲಿ ನಾಲ್ಕು ಫೋಟೊ ಸಾಕು: ಪೂರ್ತಿ ಸೀರೆ, ಹತ್ತಿರದಿಂದ ದಡಿ, ಬಿಡಿಸಿದ ಸೆರಗು, ಒಡಲಿಗೆ ಸೆರಗು ಕೂಡುವ ಜಾಗ. ಇಳಕಲ್ ಸೀರೆಗೆ ವಿಶಿಷ್ಟವಾದ ತೋಪುತೆನಿ ಸೆರಗನ್ನು ಬಲ್ಲವರು ನೋಡುವುದೇ ಆ ಕೊನೆಯ ಫೋಟೊ. ಒಡಲು ಹತ್ತಿಯೋ ರೇಷ್ಮೆಯೋ ಮಿಶ್ರವೋ, ಉದ್ದ ಎಷ್ಟು ಮೀಟರ್, ಬ್ಲೌಸ್ ಪೀಸ್ ಇದೆಯೋ ಇಲ್ಲವೋ ಬರೆಯಿರಿ. ಪವರ್‌ಲೂಮ್ ಆಗಿದ್ದರೆ ಪವರ್‌ಲೂಮ್ ಎಂದೇ ಬರೆಯಿರಿ. ಫೋಟೊ ಫೈಲ್ 150 ಕೆಬಿ ಒಳಗಿರಲಿ, ಇಲ್ಲದಿದ್ದರೆ ಹಳ್ಳಿಯ ನೆಟ್‌ವರ್ಕಿನಲ್ಲಿ ಪುಟ ತೆರೆಯುವಷ್ಟರಲ್ಲಿ ನೋಡುವವರು ಹೊರಟುಹೋಗಿರುತ್ತಾರೆ.

ಇನ್ನು ತೆರಿಗೆ. ಸಣ್ಣ ಅಂಗಡಿಗಳಲ್ಲಿ ಬಹಳ ಮಂದಿ ಜಿಎಸ್‌ಟಿಯ ಕಾಂಪೊಸಿಷನ್ ಸ್ಕೀಮಿನಲ್ಲಿರುತ್ತಾರೆ, ಅಂದರೆ ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆ ಕಟ್ಟುವ ಸರಳ ವ್ಯವಸ್ಥೆಯಲ್ಲಿ. ಆ ಸ್ಕೀಮಿನಲ್ಲಿರುವವರು ಬೇರೆ ರಾಜ್ಯಕ್ಕೆ ಸರಕು ಮಾರುವಂತಿಲ್ಲ. ಇಳಕಲ್ ಸೀರೆಗೆ ಮಹಾರಾಷ್ಟ್ರದಲ್ಲಿ ಹಳೆಯ ಗಿರಾಕಿಗಳಿದ್ದಾರೆ. ಸೊಲ್ಲಾಪುರ, ಪುಣೆಗೆ ಕಳಿಸಲಾಗದಿದ್ದರೆ ಆನ್‌ಲೈನ್ ಅಂಗಡಿಯ ಅರ್ಧ ಉದ್ದೇಶವೇ ಹೋಯಿತು. ಜಿಎಸ್‌ಟಿ ನೋಂದಣಿಯೇ ಇಲ್ಲದವರು ಹೊರರಾಜ್ಯಕ್ಕೆ ಮಾರಬೇಕಾದರೆ, ಕೆಲವು ಕರಕುಶಲ ವಸ್ತುಗಳ ವಿನಾಯಿತಿ ಬಿಟ್ಟು, ವಹಿವಾಟು ಎಷ್ಟೇ ಕಡಿಮೆಯಿರಲಿ ನೋಂದಣಿ ಬೇಕು. ಹಾಗಾಗಿ ಮುಂಗಡ ಪಡೆಯುವ ಮೊದಲೇ ಅಂಗಡಿಯ ಲೆಕ್ಕ ನೋಡುವವರ ಜೊತೆ ಕೂತು ಮಾತಾಡಿ. ಸೈಟ್ ಸಿದ್ಧವಾದ ಮೇಲೆ ಇದು ಗೊತ್ತಾದರೆ ಬೈಸಿಕೊಳ್ಳುವವರು ನೀವೇ, ಅದು ನ್ಯಾಯವೂ ಹೌದು.

ಪೇಮೆಂಟ್ ಗೇಟ್‌ವೇ ಅರ್ಜಿ ತಿರಸ್ಕೃತವಾಗುವುದು ಹೆಚ್ಚಾಗಿ ಸಣ್ಣ ಕಾರಣಗಳಿಗೆ. ಸಂಪರ್ಕ ವಿಳಾಸ, ಷರತ್ತುಗಳು, ಖಾಸಗಿತನ, ಹಣ ವಾಪಸಾತಿ, ಡೆಲಿವರಿ, ಇವುಗಳ ಪುಟಗಳು ಸೈಟಿನಲ್ಲಿರಬೇಕು. ಪ್ಯಾನ್, ಬ್ಯಾಂಕ್ ಖಾತೆ, ಸೈಟಿನಲ್ಲಿರುವ ಅಂಗಡಿಯ ಹೆಸರು ಒಂದಕ್ಕೊಂದು ಹೊಂದಬೇಕು. ಬೋರ್ಡಿನಲ್ಲಿ ಒಂದು ಹೆಸರು, ಖಾತೆಯಲ್ಲಿ ತಂದೆಯವರ ಹೆಸರು ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ದೂರು ಸ್ವೀಕರಿಸುವ ಅಧಿಕಾರಿಯ ಹೆಸರನ್ನೂ ಹಾಕಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಟ್ಟು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಖರ್ಚನ್ನು ಕಾಗದದ ಮೇಲೆ ಬರೆದೇ ತೋರಿಸಿ. ಗೇಟ್‌ವೇ ಸಾಮಾನ್ಯವಾಗಿ ಶೇ 2ರಷ್ಟು ಹಿಡಿಯುತ್ತದೆ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. 3,000 ರೂಪಾಯಿ ಸೀರೆಗೆ 60 ರೂಪಾಯಿ, ಅದರ ಮೇಲೆ 10 ರೂಪಾಯಿ 80 ಪೈಸೆ. ಕೊರಿಯರಿನಲ್ಲಿ ಎಡವುವುದು ಇನ್ನೂ ಹೆಚ್ಚು. ಡಬ್ಬದ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವುದು ಗಾತ್ರದ ತೂಕ. ಬಹಳಷ್ಟು ಕೊರಿಯರ್‌ಗಳು ನಿಜ ತೂಕ, ಗಾತ್ರದ ತೂಕ ಎರಡರಲ್ಲಿ ಹೆಚ್ಚಿನದ್ದಕ್ಕೆ ಹಣ ಹಿಡಿಯುತ್ತವೆ. 450 ಗ್ರಾಂ ಸೀರೆಯನ್ನು 35×25×5 ಅಳತೆಯ ಡಬ್ಬದಲ್ಲಿಟ್ಟರೆ ಲೆಕ್ಕಕ್ಕೆ 875 ಗ್ರಾಂ. ಅರ್ಧ ಕೆಜಿ ಹಂತಗಳಲ್ಲಿ ದರವಿದ್ದರೆ ಪೂರ್ತಿ 1 ಕೆಜಿ ದುಡ್ಡು ಕೊಡಬೇಕು. ಅದೇ ಸೀರೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ 30×25×3 ಬರುವ ಕವರಿನಲ್ಲಿ ಹಾಕಿದರೆ 450 ಗ್ರಾಂ, ಅರ್ಧ ಕೆಜಿಯೊಳಗೇ ಮುಗಿಯಿತು. ಕ್ಯಾಶ್ ಆನ್ ಡೆಲಿವರಿಯನ್ನು ಮೊದಲ ಮೂರು ತಿಂಗಳು ಕೊಡದಿರುವುದೇ ಒಳ್ಳೆಯದು. ಪಾರ್ಸೆಲ್ ಬೇಡ ಎಂದು ವಾಪಸ್ ಕಳಿಸಿದರೆ ಹೋಗುವ ಬಾಡಿಗೆ, ಬರುವ ಬಾಡಿಗೆ ಎರಡೂ ಅಂಗಡಿಯವರ ತಲೆಗೆ.

ಇಷ್ಟೆಲ್ಲ ಕೇಳಿದ ಮೇಲೆ ಕೆಲವರಿಗೆ ಆನ್‌ಲೈನ್ ಅಂಗಡಿ ಬೇಡ ಎನ್ನುವುದು ನಿಮಗೇ ಕಾಣುತ್ತದೆ. ಹಾಗಿದ್ದರೆ ನೇರವಾಗಿ ಹೇಳಿ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ವಿವರ ಸರಿಪಡಿಸಿ, ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಮಾಡಿ, ಕೂಲಿ ಎಂದು ಸಣ್ಣ ಮೊತ್ತ ಪಡೆಯಿರಿ. ಈ ಎರಡಕ್ಕೂ ಕಂಪನಿಗಳು ದುಡ್ಡು ಕೇಳುವುದಿಲ್ಲ ಎಂಬುದನ್ನೂ ತಿಳಿಸಿ.

ದರಪಟ್ಟಿಯಲ್ಲಿ ಎರಡನೇ ವರ್ಷದ ಖರ್ಚು ಮೊದಲ ಪುಟದಲ್ಲೇ ಇರಬೇಕು. ಹೋಸ್ಟಿಂಗ್ (ಸೈಟ್ ಇಡುವ ಸರ್ವರ್ ಜಾಗದ ಬಾಡಿಗೆ) ಮೊದಲ ವರ್ಷ ರಿಯಾಯಿತಿಯಲ್ಲಿ ಸಿಕ್ಕು, ನವೀಕರಣದ ಹೊತ್ತಿಗೆ ಜಾಸ್ತಿಯಾಗುವುದು ಮಾಮೂಲು. ವರ್ಷದ ನಿರ್ವಹಣೆಯಲ್ಲಿ ಏನೇನು ಸೇರಿದೆ, ಬ್ಯಾಕಪ್ ಎಷ್ಟು ದಿನಕ್ಕೊಮ್ಮೆ, ತಿಂಗಳಿಗೆ ಎಷ್ಟು ಬದಲಾವಣೆ ಎಂದು ಬರೆಯದಿದ್ದರೆ ಪ್ರತಿ ಹಬ್ಬಕ್ಕೂ ಜಗಳ. ಡೊಮೇನ್, ಅಂದರೆ ಸೈಟಿನ ವಿಳಾಸ, ಮಾತ್ರ ಮಾಲೀಕರ ಹೆಸರಿನಲ್ಲಿ, ಅವರದೇ ಇಮೇಲ್ ಮತ್ತು ಮೊಬೈಲ್ ನಂಬರಿನಲ್ಲೇ ಇರಬೇಕು. ನಿಮ್ಮ ಖಾತೆಯಲ್ಲಿಟ್ಟುಕೊಂಡು ಗಿರಾಕಿಯನ್ನು ಕಟ್ಟಿಹಾಕುವುದು ತಪ್ಪು. ಅವರ ಅಂಗಡಿಯ ಹೆಸರು ಅವರ ಸ್ವತ್ತು.

ಕನ್ನಡದಲ್ಲಿ ಮಾಹಿತಿ ಹಾಕುವಾಗ ಒಂದು ತೊಡಕು ಬಂದೇ ಬರುತ್ತದೆ. ಅಂಗಡಿಯವರು ಕೊಡುವ ಕರಪತ್ರದ ಫೈಲು ಡಿಟಿಪಿಯವರು 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿದ್ದಾಗಿರುತ್ತದೆ. ಹಾಗೇ ಅಂಟಿಸಿದರೆ ಸೈಟಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಎಲ್ಲ ಕಡೆ ಸರಿಯಾಗಿ ಕಾಣುವ ಯೂನಿಕೋಡ್ ಅಕ್ಷರಕ್ಕೆ ಪರಿವರ್ತಿಸಿ, ಆಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಾರೆ ಓದಿ ನೋಡಿ. ಬೆಲೆಯ ಅಂಕಿಗಳನ್ನೂ ಮರೆಯದೆ ಪರೀಕ್ಷಿಸಿ.

ಹಣ ಮೂರು ಕಂತಿನಲ್ಲಿ ಪಡೆಯುವುದು ಇಬ್ಬರಿಗೂ ಕ್ಷೇಮ: ಅರ್ಧ ಮುಂಗಡ, ಮೊದಲ 40 ಮಾಲು ಸೈಟಿಗೆ ಏರಿದಾಗ ಕಾಲು ಭಾಗ, ಉಳಿದದ್ದು ಪರೀಕ್ಷಾ ಆರ್ಡರ್ ಆದ ಮೇಲೆ. ಆ ಆರ್ಡರನ್ನು ಮಾಲೀಕರ ಸಂಬಂಧಿಕರೊಬ್ಬರು ಬೇರೆ ಊರಿನಿಂದ, ಬೇರೆ ಮೊಬೈಲಿನಿಂದ, ನಿಜವಾದ ದುಡ್ಡು ಕೊಟ್ಟು ಮಾಡಬೇಕು. ಪಾರ್ಸೆಲ್ ತಲುಪಿ, ಅದನ್ನು ವಾಪಸ್ ತರಿಸಿ, ಹಣ ಅವರ ಖಾತೆಗೆ ಮರಳಿದ ದಿನ ಕೊನೆಯ ಬಿಲ್ ಕೊಡಿ.