ಬೇಕಲಕ್ಕೆ ಬೇಕು, ಕೋಲಕ್ಕೆ ಬೇಡ

ಕುಂಬಳೆ ಹತ್ತಿರದ ನಮ್ಮ ತರವಾಡು ಮನೆಯಲ್ಲಿ ಕೋಲ. ನಡುರಾತ್ರಿ. ಎರಡೂ ಬದಿಗೆ ದೀಟಿಗೆ ಹಿಡಿದವರು, ನಡುವೆ ದೈವ. ಮನಸಾರೆ ಫೋಟೊ ತೆಗೆದೆ. ಬೆಳಿಗ್ಗೆ ಕಂಪ್ಯೂಟರಿನಲ್ಲಿ ನೋಡಿದರೆ ಕತ್ತಲ ಅಂಗಳದ ತುಂಬ ಹಸಿರು ಬಣ್ಣದ ಪುಟ್ಟ ಉರಿಗಳು, ಅದೂ ತಲೆಕೆಳಗಾಗಿ! ದೀಟಿಗೆ ಬಲಗಡೆ ಮೇಲಿದ್ದರೆ ಹಸಿರು ಉರಿ ಎಡಗಡೆ ಕೆಳಗೆ. ಎಲ್ಲ ಚಿತ್ರಗಳಲ್ಲೂ ಹೀಗೇ.

ಲೆನ್ಸಿನ ಮುಂದೆ ತಿರುಗಿಸಿ ಕೂರಿಸಿದ್ದ ಫಿಲ್ಟರ್ ಮಾಡಿದ ಕೆಲಸ ಅದು. ದೀಟಿಗೆಯ ಬೆಳಕು ಲೆನ್ಸ್ ದಾಟಿ, ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಬೀಳುತ್ತದೆ. ಸೆನ್ಸರ್ ಹೊಳಪಿನ ವಸ್ತು, ಸ್ವಲ್ಪ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಅದು ಲೆನ್ಸಿನಿಂದ ಹೊರಗೆ ಹೋಗುವಾಗ ಫಿಲ್ಟರಿನ ಚಪ್ಪಟೆ ಗಾಜು ಕನ್ನಡಿಯಂತೆ ಒಂದಿಷ್ಟನ್ನು ಮತ್ತೆ ಒಳಕ್ಕೆ ತಿರುಗಿಸುತ್ತದೆ. ಬಂದ ಓರೆಗೆ ಎದುರು ಓರೆಯಲ್ಲಿ ತಿರುಗುವುದರಿಂದ ಚಿತ್ರದ ಎದುರು ಮೂಲೆಯಲ್ಲಿ, ಬುಡಮೇಲಾಗಿ ಮೂಡುತ್ತದೆ. ಲೆನ್ಸಿನ ಗಾಜು ಬಾಗಿರುತ್ತದೆ, ಅಲ್ವಾ? ಅದರಿಂದ ಮರಳುವ ಬೆಳಕು ಸಾಮಾನ್ಯವಾಗಿ ಚದುರಿ ಮಂಕಾಗುತ್ತದೆ. ಚಪ್ಪಟೆ ಗಾಜಿನದು ಸ್ಪಷ್ಟವಾಗಿ ಕೂರುತ್ತದೆ.

ಲೇಪನವಿಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು 4% ಬೆಳಕನ್ನು ಹಿಂದೆ ಕಳಿಸುತ್ತದೆ. ಹಲವು ಪದರ ಲೇಪನದ ಒಳ್ಳೆ ಫಿಲ್ಟರಿನಲ್ಲಿ ಇದು 1%ಗಿಂತಲೂ ಕಡಿಮೆ. ಹಗಲಲ್ಲಿ ಈ ವ್ಯತ್ಯಾಸ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಕತ್ತಲಲ್ಲಿ ಬೆಂಕಿ ಇದ್ದಾಗ ಚೆನ್ನಾಗಿ ಬಯಲಾಗುತ್ತದೆ. ಈಗ ಕೋಲಕ್ಕೆ ಹೋದರೆ ಮೊದಲು ಫಿಲ್ಟರ್ ಬಿಚ್ಚಿ ಜೇಬಿಗೆ ಹಾಕುತ್ತೇನೆ.

ಅದರ ಹೆಸರೇನೋ ಯುವಿ ಫಿಲ್ಟರ್, ಅಂದರೆ ಅತಿನೇರಳೆ ಕಿರಣ ತಡೆಯುವ ಗಾಜು. ಫಿಲ್ಮ್ ಕಾಲದಲ್ಲಿ ಅತಿನೇರಳೆ ಕಿರಣದಿಂದ ದೂರದ ಗುಡ್ಡ, ಕಡಲು ನೀಲಿ ಮಬ್ಬಾಗುತ್ತಿದ್ದವು. ಡಿಜಿಟಲ್ ಸೆನ್ಸರಿನ ಮುಂದೆ ಆ ಕಿರಣ ತಡೆಯುವ ಪದರ ಮೊದಲೇ ಇರುತ್ತದೆ. ಹಾಗಾಗಿ ಈಗ ಅದು ಕಾವಲಿನ ಗಾಜು, ಅಷ್ಟೇ.

ಆ ಕಾವಲು ಬೇಕಾಗುವುದು ಬೇಕಲ ಕೋಟೆಯಂಥ ಕಡೆ. ಕಡಲಿಗೆ ಚಾಚಿದ ಬುರುಜಿನ ಬಳಿ ಅರ್ಧ ಗಂಟೆ ನಿಂತು, ಫಿಲ್ಟರನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಸಾಸಿವೆಗಿಂತ ಸಣ್ಣ ಚುಕ್ಕೆಗಳು, ಅಂಚು ಬೆಳ್ಳಗೆ. ಅವು ಒಣಗಿದ ಕಡಲ ಹನಿಗಳು. ಗಾಳಿಯ ತೇವಾಂಶ ಸುಮಾರು 75% ದಾಟಿದರೆ ಉಪ್ಪು ತಾನಾಗಿ ನೀರೊಡೆಯುತ್ತದೆ, ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ಆಗುವಂತೆ. ಒರೆಸಿದರೆ ಅಂಟಂಟಾಗಿ ಹರಡುತ್ತದೆ. ಜೊತೆಗೆ ಮರಳಿನ ಕಣವಿದ್ದರೆ ಗೀರು ಖಂಡಿತ, ಏಕೆಂದರೆ ಮರಳಿನ ಕ್ವಾರ್ಟ್ಸ್ ಗಾಜಿಗಿಂತ ಗಟ್ಟಿ. ಫಿಲ್ಟರ್ ಆದರೆ ಬಿಚ್ಚಿ ನಲ್ಲಿ ನೀರಿಗೆ ಹಿಡಿಯಬಹುದು. ಲೆನ್ಸನ್ನು ಹಾಗೆ ತೊಳೆಯಲು ಬರುವುದಿಲ್ಲ. ನನಗೆ ಫಿಲ್ಟರಿನ ದೊಡ್ಡ ಉಪಕಾರ ಇದೇ.

ಕೆಳಗೆ ಬಿದ್ದರೆ ಕಾಪಾಡುತ್ತದಾ? ಅದನ್ನು ಜಾಸ್ತಿ ನಂಬಬೇಡಿ. ತೆಳು ಗಾಜು ಸಣ್ಣ ಪೆಟ್ಟಿಗೂ ಒಡೆಯುತ್ತದೆ, ಚೂರು ಲೆನ್ಸನ್ನೇ ಗೀರಬಹುದು. ಪೆಟ್ಟು ತಡೆಯಲು ಲೆನ್ಸ್ ಹುಡ್, ಅಂದರೆ ಲೆನ್ಸಿನ ಮುಂದೆ ಸುತ್ತ ಕೂರುವ ಮರೆ, ವಾಸಿ. ಅಡ್ಡ ಬೆಳಕನ್ನೂ ತಡೆಯುತ್ತದೆ.

ಇನ್ನು ನಮ್ಮೂರಿನ ಮಳೆಗಾಲದ ಆಟಿ ತಿಂಗಳ ಬೂಷ್ಟು. ಅದು ಬೆಳೆಯುವುದು ಲೆನ್ಸಿನ ಒಳಗೆ, ಜೇಡರ ಬಲೆಯ ಎಳೆಗಳಂತೆ. ಲೆನ್ಸಿನ ಮುಂದಿರುವ ಫಿಲ್ಟರ್ ಅದಕ್ಕೇನೂ ಮಾಡದು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದರೆ ತೇವ ಹೀರಿ ತುಂಬಿದೆ ಎಂದರ್ಥ, ಬದಲಿಸಿ.